ಬಾಳೆ ಮೀನಿನ ಬಾಯಿಗೆ ತಕ್ಕ ದಾರ

ನನ್ನ ಗಂಡನ ಅಕ್ಕ ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತ ಕಲಿಸುತ್ತ ಅಲ್ಲಿಯೇ ಮುಖ್ಯೋಪಾಧ್ಯಾಯಿನಿಯಾದವರು. ಅವರು ದನಿ ಏರಿಸಿದರೆ ಓಣಿಯ ನಾಯಿಗಳೂ ಸುಮ್ಮನಾಗುತ್ತವೆ. ಅಂಥವರು ಒಂದು ಭಾನುವಾರ ಬೆಳಿಗ್ಗೆ ಎರಡು ಗಾಳದ ಕೋಲುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬಗಲಲ್ಲಿ ಅವುಚಿಕೊಂಡು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಯಾಕ ನಗತಿ?" ಎಂದರು ಅಕ್ಕ. "ಕೋಲು ಹಿಡದ ಹೆಣ್ಣಮಕ್ಕಳನ್ನ ನೋಡಿಲ್ಲೇನು?"

"ನೋಡೇನಿರಿ ಅಕ್ಕಾ. ಮೀನ ಹಿಡಿಯೂ ಕೋಲು ಹಿಡದವರನ್ನ ನೋಡಿಲ್ಲ."

ನಮ್ಮದು ತತ್ತಿಯನ್ನೂ ಒಳಗೆ ತರದ ಮನೆ. ಅಕ್ಕನ ಗಂಡನ ಮನೆಯೂ ಹಾಗೆಯೇ. ಆದರೆ ಅಕ್ಕನ ಯಜಮಾನರು ಎಂಜಿನಿಯರ್ ಆಗಿ ಬಹಳ ವರ್ಷ ಮಲಪ್ರಭಾ ಅಣೆಕಟ್ಟಿನ ಬಳಿಯ ಕ್ವಾರ್ಟರ್ಸಿನಲ್ಲಿದ್ದರು. ಸಂಜೆ ಹೊತ್ತು ಹೋಗದೆ ನೆರೆಯವರಿಂದ ಗಾಳ ಹಾಕುವುದನ್ನು ಕಲಿತರು. ಹಿಡಿದ ಮೀನನ್ನು ಅಲ್ಲೇ ಯಾರಿಗಾದರೂ ಕೊಟ್ಟು, ಕೈ ತೊಳೆದು, ಮನೆಗೆ ಬಂದು ರೊಟ್ಟಿ ಪಲ್ಯ ಉಣ್ಣುತ್ತಿದ್ದರು. ಅಕ್ಕ ದಂಡೆಯ ಮೇಲೆ ಕುಳಿತು ನೋಡುತ್ತ ನೋಡುತ್ತ ತಾವೂ ಒಂದು ಕೋಲು ಹಿಡಿದರು. ಯಜಮಾನರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಕೋಲುಗಳು ಅಟ್ಟ ಸೇರಿದವು. ಮರುವರ್ಷ ಅಕ್ಕ ತಾವೇ ಏಣಿ ಹತ್ತಿ ಅವನ್ನು ಇಳಿಸಿದರು. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

ನಾನು ಸವದತ್ತಿಯಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ದವಾಖಾನೆಗೆ ರಜೆ. ನನ್ನ ಗಂಡನಿಗೆ ಬಿಸಿಲೆಂದರೆ ಆಗುವುದಿಲ್ಲ. "ಅಕ್ಕ ಒಬ್ಬಾಕೀನ ನೀರಿನ ಕಡಿ ಹೋಗೂದು ಬ್ಯಾಡ, ನೀ ಜೋಡಿ ಹೋಗು," ಎಂದು ನನ್ನ ಕೈಗೆ ಕೊಡೆ ಕೊಟ್ಟು ಕಳಿಸಿದರು. ನಾನು ಹೋದದ್ದು ಕಾವಲಿಗೆ. ಮಧ್ಯಾಹ್ನದ ಹೊತ್ತಿಗೆ ಕೊಡೆ ಎಲ್ಲಿಯೋ ಬಿದ್ದಿತ್ತು, ಎರಡನೆಯ ಕೋಲು ನನ್ನ ಕೈಯಲ್ಲಿತ್ತು. ನೀರಿನೊಳಗೆ ಕಾಣದ ಜೀವವೊಂದು ದಾರವನ್ನು ಮೆಲ್ಲಗೆ ಎಳೆದು ಬಿಟ್ಟಾಗ ಬೆರಳಿನಿಂದ ಭುಜದವರೆಗೆ ಏರುವ ಆ ಝುಂ ಎನ್ನುವುದನ್ನು ಒಮ್ಮೆ ಅನುಭವಿಸಿದವರು ಮತ್ತೆ ಕೊಡೆ ಹಿಡಿದು ಕೂರುವುದಿಲ್ಲ.

ಮಲಪ್ರಭಾ ಅಣೆಕಟ್ಟಿನ ಆ ಹಿನ್ನೀರಿನಲ್ಲಿ ನಮಗೆ ಬೇಕಾಗಿದ್ದದ್ದು ಬಾಳೆ ಮೀನು. ಬೆಳ್ಳಿಯ ಬಣ್ಣ, ಉದ್ದ ಮೀಸೆ, ಕಣ್ಣಿನಾಚೆಗೂ ಸೀಳಿಕೊಂಡ ಬಾಯಿ. ಆ ಬಾಯಿ ತುಂಬ ಹಲ್ಲು. ಇಂಥ ಮೀನಿಗೆ ಗಾಳ ಹಾಕುವಾಗ ರೀಲಿನ ದಾರವನ್ನು ನೇರವಾಗಿ ಗಾಳದ ಕೊಂಡಿಗೆ ಕಟ್ಟುವುದಿಲ್ಲ. ನಡುವೆ ಒಂದೆರಡು ಮೊಳದ ಬೇರೆ ತುಂಡು ಇರುತ್ತದೆ, ಹಲ್ಲಿನ ಪೆಟ್ಟು ತಿನ್ನುವುದಕ್ಕೆಂದೇ ಇರುವ ತುಂಡು. ಗಾಳದವರು ಅದಕ್ಕೆ ಲೀಡರ್ ಎನ್ನುತ್ತಾರೆ. ಉಳಿದದ್ದೆಲ್ಲ ಎಷ್ಟು ಬೆಲೆಯದ್ದಾದರೂ ಈ ತುಂಡು ಹರಿದರೆ ಮೀನು ಹೋಯಿತು.

ಅಕ್ಕನ ಯಜಮಾನರು ಲೀಡರಿಗೆ ಸ್ಟೀಲ್ ತಂತಿಯನ್ನೇ ಕಟ್ಟುತ್ತಿದ್ದರು. ಅವರು ಬಿಟ್ಟುಹೋದ ತಂತಿಯ ಸುರುಳಿ ಅಕ್ಕನ ಎಲೆ ಅಡಕೆಯ ಡಬ್ಬಿಯಲ್ಲಿತ್ತು. ಅಕ್ಕ ಬೇರೇನನ್ನೂ ಕಟ್ಟುತ್ತಿರಲಿಲ್ಲ.

ಅದು ಚಳಿಗಾಲ. ಹಿನ್ನೀರು ತಿಳಿಯಾಗಿತ್ತು, ಮೊಳಕಾಲಿನ ಆಳದಲ್ಲಿ ಕಲ್ಲುಗಳು ಕಾಣುತ್ತಿದ್ದವು. ಪ್ರತಿ ಭಾನುವಾರ ಅದೇ ಕಥೆ. ನನ್ನ ದವಾಖಾನೆಯ ರಬ್ಬರ್ ಕೈಗವಸು ಹಾಕಿಕೊಂಡು ಅಕ್ಕ ಸಣ್ಣ ಮೀನನ್ನು ಕೊಂಡಿಗೆ ಚುಚ್ಚುವರು. ಬೀಸಿ ಎಸೆಯುವರು. ಸ್ವಲ್ಪ ಹೊತ್ತಿಗೆ ದಾರ ಮೆಲ್ಲಗೆ ಜರುಗುವುದು. ನಾವು ಉಸಿರು ಹಿಡಿಯುವೆವು. ದಾರ ನಿಲ್ಲುವುದು. ಎಳೆದು ನೋಡಿದರೆ ಕೊಂಡಿಗೆ ಚುಚ್ಚಿದ ಸಣ್ಣ ಮೀನು ಜಜ್ಜಿಹೋಗಿರುವುದು, ಬಾಳೆ ಇಲ್ಲ.

"ಬಾಯಾಗ ತೊಗೊಂಡು ಉಗಳಾಕ ಹತ್ತೇತಿ," ಎಂದೆ ನಾನು.

"ಇವತ್ತ ಅದರ ಮನಸು ಛಲೋ ಇಲ್ಲ," ಎಂದರು ಅಕ್ಕ.

ಅದರ ಮನಸ್ಸು ಹಲವು ಭಾನುವಾರ ಛಲೋ ಇರಲಿಲ್ಲ.

ಆ ದಂಡೆಯಲ್ಲಿ ಬಲೆ ಬೀಸಿ ಜೀವನ ಮಾಡುವ ಒಬ್ಬ ತೆಪ್ಪದವರಿದ್ದರು. ನಾವು ಹಿಡಿದದ್ದೆಲ್ಲ ಅವರಿಗೆ ಎಂಬುದು ನಮ್ಮ ನಡುವಿನ ಮಾತು, ಅಲ್ಲಿಯವರೆಗೆ ಅವರಿಗೆ ಏನೂ ಸಿಕ್ಕಿರಲಿಲ್ಲ ಅನ್ನುವುದು ಬೇರೆ ವಿಷಯ. ಒಂದು ಬೆಳಿಗ್ಗೆ ಅವರ ಬಲೆಯಲ್ಲಿ ದೊಡ್ಡದೊಂದು ಬಾಳೆ ಬಂದಿತ್ತು. ಸತ್ತಿತ್ತು. ನಾನು ಮಂಡಿಯೂರಿ ಅದರ ದವಡೆಯನ್ನು ಅಗಲಿಸಿದೆ. ದಿನವಿಡೀ ಬಾಯಿ ನೋಡುವವಳಿಗೆ ಇನ್ನೊಂದು ಬಾಯಿ ಸಿಕ್ಕರೆ ಬಿಡುವುದುಂಟೆ? ಕೈಗವಸಿನ ಬೆರಳನ್ನು ಒಳಗಿನಿಂದ ಹೊರಗೆ ಸವರಿದಾಗ ಬೆರಳು ಸಿಕ್ಕಿಕೊಂಡಿತು. ಹೊರಗಿನಿಂದ ಒಳಗೆ ಸವರಿದರೆ ಜಾರಿತು. ನಾಯಿಗಿರುವಂಥ ಕೋರೆ ಹಲ್ಲು ಒಂದೂ ಇಲ್ಲ. ಸೂಜಿಮೊನೆಯಷ್ಟು ಸಣ್ಣ ಹಲ್ಲುಗಳು ಒತ್ತೊತ್ತಾಗಿ ಪಟ್ಟಿಯಂತೆ ಕೂತಿದ್ದವು, ಎಲ್ಲವೂ ಗಂಟಲ ಕಡೆಗೆ ಬಾಗಿದ್ದವು. ಬಡಿಗರ ಅರ ಇದ್ದಂತೆ. ಈ ಬಾಯಿ ಕತ್ತರಿಸುವುದಿಲ್ಲ, ಹಿಡಿದು ತಿಕ್ಕುತ್ತದೆ.

ನನಗೆ ಆ ಕ್ಷಣಕ್ಕೇ ಖಾತ್ರಿಯಾಯಿತು. ಕತ್ತರಿಸುವ ಹಲ್ಲಿಗೆ ಲೋಹ ಬೇಕು. ತಿಕ್ಕುವ ಹಲ್ಲಿಗೆ ದಪ್ಪ ಸಾಕು. ತಿಳಿನೀರಿನಲ್ಲಿ ಗಡಸು ತಂತಿಯನ್ನು ಬಾಯಿಗಿಟ್ಟುಕೊಂಡ ಮೀನಿಗೆ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಉಗುಳುತ್ತದೆ.

ಆ ಖುಷಿಯಲ್ಲಿ ಅಲ್ಲಿಯೇ ಅಕ್ಕನಿಗೆ ಹೇಳಿಬಿಟ್ಟೆ. "ಅಕ್ಕಾ, ಈ ಮೀನಿಗಿ ತಂತಿ ಬ್ಯಾಡರಿ. ದಪ್ಪ ತಂಗೂಸ ಸಾಕು." ತಂಗೂಸ ಎಂದರೆ ನಮ್ಮ ಕಡೆ ನೈಲಾನ್ ದಾರ.

ಅಕ್ಕ ಡಬ್ಬಿಯ ಮುಚ್ಚಳ ಹಾಕಿದರು. "ಅವ್ರು ಇಷ್ಟ ವರ್ಷ ತಂತೀನ ಕಟ್ಟ್ಯಾರ. ಒಂದ ಮೀನ ಹರಕೊಂಡ ಹೋಗಿಲ್ಲ."

"ಹರಕೊಂಡ ಹೋಗಾಕ ಮೊದಲ ಹಿಡೀಬೇಕಲ್ರಿ."

ಮಾತು ಬಾಯಿಂದ ಹೋದ ಮೇಲೆ ಅದು ಅವರಿಗೆ ಹೇಗೆ ಕೇಳಿಸಿತೆಂದು ಗೊತ್ತಾಯಿತು. ಅಕ್ಕ ಕೋಲುಗಳನ್ನು ಸೀರೆಯ ತುಂಡಿನಲ್ಲಿ ಸುತ್ತಿದರು. "ನೀ ಹಲ್ಲು ಕೀಳಾಕಿ. ಅದನ್ನ ಮಾಡು," ಎಂದರು. ನನ್ನ ಸ್ಕೂಟರಿನ ಹಿಂದೆ ಕುಳಿತು ಬಸ್ ಸ್ಟ್ಯಾಂಡಿನವರೆಗೆ ಬಂದರೂ ನನ್ನ ಭುಜದ ಮೇಲೆ ಕೈಯಿಡಲಿಲ್ಲ, ಹಿಂದಿನ ಹಿಡಿಕೆಯನ್ನು ಹಿಡಿದಿದ್ದರು.

ಮುಂದಿನ ಭಾನುವಾರ ಅಕ್ಕ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಫೋನ್ ಮಾಡಿದರೆ ಪರೀಕ್ಷೆಯ ಕೆಲಸ ಎನ್ನುವರು. ನನಗೆ ಅವರು ಬೇಕಾಗಿದ್ದರು. ನನ್ನ ಮಾತು ಸರಿ ಎಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ. ವಿಜ್ಞಾನ ಕಲಿಸಿದವರಿಗೆ ಬಾಯಿಮಾತು ಸಾಲದು, ಮಾಡಿ ತೋರಿಸಬೇಕು ಎಂದುಕೊಂಡೆ. ತೆಪ್ಪದವರಿಂದ ಬಾಳೆಯ ದವಡೆ ತರಿಸಿ, ದವಾಖಾನೆಯ ಹಿತ್ತಲಲ್ಲಿ ಕುದಿಸಿ, ಮಾಂಸ ಬಿಡಿಸಿ ಬಿಸಿಲಿಗಿಟ್ಟೆ. ನನ್ನ ಸಹಾಯಕಿ ಮೂಗು ಮುಚ್ಚಿಕೊಂಡು, "ಡಾಕ್ಟರ್ರ, ನಾಳಿಂದ ಪೇಶಂಟ್ ಯಾರೂ ಬರಂಗಿಲ್ಲ ನೋಡ್ರಿ," ಎಂದಳು. ಬಂದರು. ಒಬ್ಬ ಹಿರಿಯರು ಕುರ್ಚಿಯ ಮೇಲೆ ಮಲಗಿ, ಕಿಟಕಿಯಲ್ಲಿದ್ದ ದವಡೆಯನ್ನು ನೋಡಿ, "ಇದು ಯಾರದ್ರಿ?" ಎಂದು ಗಾಬರಿಯಿಂದ ಕೇಳಿದರು.

"ಹೇಳಿದಂಗ ಬ್ರಶ್ ಮಾಡದವರದು," ಎಂದೆ.

ಹುಬ್ಬಳ್ಳಿಯಿಂದ ಬೇರೆ ಬೇರೆ ದಪ್ಪದ ದಾರ ತರಿಸಿದೆ. ಒಂದು ತುದಿಗೆ ನೀರು ತುಂಬಿದ ಬಾಟಲಿ ಕಟ್ಟಿ, ದಾರವನ್ನು ಒದ್ದೆ ಮಾಡಿ, ದವಡೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದೆ. ತೆಳುವಾದ ತಂಗೂಸ ಕೆಲವೇ ಎಳೆತಕ್ಕೆ ನೂಲೆದ್ದು ಹರಿಯಿತು. ನಾಲ್ಕೆಳೆ ಹೆಣೆದ ದಾರ ಅದಕ್ಕಿಂತ ಬೇಗ ಹೋಯಿತು, ಅದರ ಒಂದೊಂದು ಎಳೆಯೂ ಹಲ್ಲಿಗೆ ಸಿಗುತ್ತಿತ್ತು. ದಪ್ಪ ತಂಗೂಸ ಬೆಳ್ಳಗಾಯಿತು, ಒರಟಾಯಿತು, ಆದರೆ ಬಾಟಲಿಯನ್ನು ಬಿಡಲಿಲ್ಲ. ಅಷ್ಟೇ ದಪ್ಪದ, ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ದಾರ ಇನ್ನೂ ಗಟ್ಟಿ. ಮೈ ಗಡಸು, ನೀರಿನಲ್ಲಿ ಹೆಚ್ಚು ಕಾಣುವುದೂ ಇಲ್ಲ. ಅದಕ್ಕೆ ಗಂಟು ಹಾಕುವುದು ಮಾತ್ರ ಕಷ್ಟ. ಉಗುಳು ಹಚ್ಚಿ, ಇಕ್ಕಳದಲ್ಲಿ ಹಿಡಿದು ಬಿಗಿಯದಿದ್ದರೆ ಗಂಟು ಜಾರುತ್ತಿತ್ತು. ತಂತಿಗೆ ಹಲ್ಲು ಏನೂ ಮಾಡಲಿಲ್ಲ. ಆದರೆ ಒಮ್ಮೆ ಮಡಚಿಕೊಂಡಿತೆಂದರೆ ಆ ಮಡಿಕೆಯಲ್ಲಿಯೇ ಬೆಂಕಿಕಡ್ಡಿಯಂತೆ ಮುರಿಯಿತು.

ಕೆಲವು ವಾರದ ಮೇಲೆ ಅಕ್ಕ ಹೇಳದೆ ಕೇಳದೆ ದವಾಖಾನೆಗೆ ಬಂದರು. ಯಾವುದೋ ಮದುವೆಗೆ ಬಂದವರು, ಕೈಯಲ್ಲಿ ಬುಂದೆಯ ಪೊಟ್ಟಣ. "ನಿನ್ನ ಗಂಡ ಹೇಳಿದ, ದವಾಖಾನ್ಯಾಗ ಮೀನಿಂದು ಬಾಯಿ ಇಟಗೊಂಡಾಳ ಅಂತ," ಎಂದು ನೇರವಾಗಿ ಕಿಟಕಿಯ ಬಳಿ ಹೋದರು.

ನಾನು ವಿವರಿಸಲು ಹೋಗಲಿಲ್ಲ. ದಾರದ ತುಂಡುಗಳನ್ನು ಮೇಜಿನ ಮೇಲಿಟ್ಟೆ. ಅಕ್ಕ ಕನ್ನಡಕ ಏರಿಸಿ, ರೇಷ್ಮೆ ಸೀರೆಯ ಸೆರಗು ಸಿಗಿಸಿ, ತಾವೇ ತಿಕ್ಕಿದರು. ತೆಳುವಾದದ್ದು ಹರಿದಾಗ ಹುಂ ಎಂದರು. ದಪ್ಪನೆಯದು ನಿಂತಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಂತಿಯನ್ನು ಮಡಚಿ ಮುರಿದಾಗ ಎರಡೂ ತುಂಡುಗಳನ್ನು ಮತ್ತೆ ಜೋಡಿಸಿ ನೋಡಿದರು.

"ಹಂಗಾದ್ರ ಅವ್ರು ತಪ್ಪ ಮಾಡ್ತಿದ್ರೇನು?" ಎಂದು ಕೇಳಿದರು. ಅದು ಮುಖ್ಯೋಪಾಧ್ಯಾಯಿನಿಯ ದನಿಯಾಗಿರಲಿಲ್ಲ.

"ಅವ್ರು ಹೆಚ್ಚಾಗಿ ಎಲ್ಲಿ ಹಿಡೀತಿದ್ರು ಅಕ್ಕಾ? ಏನ ಹಿಡೀತಿದ್ರು?"

ಅಕ್ಕ ನೆನಪಿಸಿಕೊಂಡರು. ಅಣೆಕಟ್ಟಿನ ಮೇಲಿನ ಹಿನ್ನೀರಿನಲ್ಲಲ್ಲ, ಕೆಳಗೆ. ಹೊಳೆಯ ಬಂಡೆಗಳ ಸಂದಿಯಲ್ಲಿ, ಕೆಂಪು ನೀರಿನಲ್ಲಿ. ಹಿಡಿದದ್ದು ಹೆಚ್ಚಾಗಿ ಮರಲ್, ಹಾವಿನಂಥ ತಲೆಯ ಕರಿ ಮೀನು.

"ಮರಲ್ ಬಾಯಿ ನಾ ನೋಡಿಲ್ಲ," ಎಂದೆ. "ನೋಡದ ಹೆಂಗ ಹೇಳಲಿ?"

"ನಡಿ, ನೋಡೂಣು," ಎಂದರು ಅಕ್ಕ. ಅವರ ದನಿ ಮರಳಿ ಬಂದಿತ್ತು.

ಬೇಸಿಗೆ ಶುರುವಾದಾಗ ರಾಮದುರ್ಗದ ಕಡೆ ಹೋದೆವು. ಅಲ್ಲಿ ಹೊಳೆ ಸೊರಗಿ, ಬಂಡೆಗಳ ನಡುವೆ ಮಡುಗಳಾಗಿ ನಿಂತಿತ್ತು. ನೀರು ಕಲಕಿದ ಚಹಾದಂತೆ. ಅಕ್ಕನ ಕೋಲಿಗೆ ತಂತಿ, ನನ್ನದಕ್ಕೆ ದಪ್ಪ ತಂಗೂಸ, ಎರಡಕ್ಕೂ ರಬ್ಬರಿನ ಕಪ್ಪೆ. ಜೊಂಡಿನ ಅಂಚಿನಲ್ಲಿ ಕಪ್ಪೆಯನ್ನು ಕುಣಿಸುತ್ತ ಎಳೆಯಬೇಕು. ನನ್ನ ಕಪ್ಪೆಯ ಮೇಲೆ ನೀರು ಒಡೆದಂತೆ ಸದ್ದಾಯಿತು. ಎಳೆದೆ. ಕೋಲು ಬಾಗಿತು, ತಟ್ಟನೆ ಹಗುರಾಯಿತು. ದಾರದ ತುದಿ ನೋಡಿದರೆ ನೂಲಿಲ್ಲ, ಒರಟಿಲ್ಲ. ಕತ್ತರಿಯಲ್ಲಿ ಕತ್ತರಿಸಿದಷ್ಟು ನುಣುಪು.

ಅಕ್ಕ ಆ ತುದಿಯನ್ನು ನನ್ನ ಕೈಯಿಂದ ಕಸಿದುಕೊಂಡು ನೋಡಿದರು. ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಅವರ ತಂತಿಗೆ ಒಂದು ಮರಲ್ ಸಿಕ್ಕಿತು. ದಂಡೆಯ ಮೇಲೆ ನಾನು ಅದರ ಬಾಯಿ ತೆರೆದೆ. ಕೆಳದವಡೆಯಲ್ಲಿ ಬಿಡಿಬಿಡಿಯಾಗಿ ನಿಂತ ಗಟ್ಟಿ ಕೋರೆಗಳು. ಇದು ಬೇರೆಯೇ ಬಾಯಿ. ಅಕ್ಕನ ಯಜಮಾನರು ತಮ್ಮ ಮೀನಿಗೆ, ತಮ್ಮ ನೀರಿಗೆ ತಕ್ಕದ್ದನ್ನೇ ಕಟ್ಟಿದ್ದರು.

"ಅವ್ರು ಬರೋಬ್ಬರಿ ಇದ್ರು," ಎಂದೆ.

"ಮತ್ತ? ಎಂಜಿನಿಯರ್ ಅಲ್ಲೇನು!" ಎಂದರು ಅಕ್ಕ. ಮರಲನ್ನು ಮಡುವಿಗೆ ಬಿಟ್ಟು, ಬಂಡೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ನಾನು ಬುತ್ತಿಯ ಗಂಟು ಬಿಚ್ಚಿದೆ. ಮೊಸರು, ರೊಟ್ಟಿ, ಶೇಂಗಾ ಚಟ್ನಿ. ಅಕ್ಕ ಉಣ್ಣುತ್ತ ಅವರ ಬಗ್ಗೆ ಹೇಳುತ್ತ ಹೋದರು, ಮೊದಲ ಸಲ ಅಷ್ಟೊಂದು. ಗಾಳ ಎಸೆದ ಮೇಲೆ ಅವರು ಗುನುಗುತ್ತಿದ್ದರಂತೆ, ಮೀನು ಕಚ್ಚಿದರೆ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತಂತೆ.

ಹಿನ್ನೀರಿಗೆ ಮರಳಿ ಹೋದದ್ದು ಬಿಸಿಲು ಬಲಿತ ಮೇಲೆ. ನೀರು ಇಳಿದು, ಮುಳುಗಿದ್ದ ಜಾಲಿ ಗಿಡಗಳ ಒಣ ಕೊಂಬೆಗಳು ಹೊರಗೆ ಚಾಚಿದ್ದವು. ಅಕ್ಕ ಮುಂಜಾನೆಯೇ ಬಂದು, "ನಿನ್ನ ದಪ್ಪಂದು ಕಟ್ಟು," ಎಂದು ತಮ್ಮ ಕೋಲನ್ನು ನನ್ನ ಮುಂದೆ ಚಾಚಿದರು. ನಾನು ಫ್ಲೋರೋಕಾರ್ಬನ್ನಿನ ಎರಡು ಮೊಳದ ತುಂಡನ್ನು ಉಗುಳು ಹಚ್ಚಿ, ಇಕ್ಕಳದಲ್ಲಿ ಬಿಗಿದು, ಗಂಟನ್ನು ಜೋರಾಗಿ ಜಗ್ಗಿ ನೋಡಿ ಕೊಟ್ಟೆ. ಇಷ್ಟು ಖಾತ್ರಿಯಿಂದ ನಾನು ಹಲ್ಲನ್ನೂ ಕಟ್ಟಿದ್ದಿಲ್ಲ.

ಬಹಳ ಕಾಯಬೇಕಾಗಲಿಲ್ಲ. ದಾರ ಜರುಗಿತು. ನಾವಿಬ್ಬರೂ ನಿಲ್ಲುತ್ತದೆ ಎಂದುಕೊಂಡೆವು. ನಿಲ್ಲಲಿಲ್ಲ. ಜರುಗುತ್ತ ಜರುಗುತ್ತ ವೇಗವಾಯಿತು.

"ಈಗರಿ ಅಕ್ಕಾ!"

ಅಕ್ಕ ಕೋಲನ್ನು ಮೇಲಕ್ಕೆತ್ತಿದರು. ರೀಲು ಚೀರಿತು. ಮೀನು ಆಳಕ್ಕೆ ಹೊರಟು, ನಂತರ ನೇರವಾಗಿ ಜಾಲಿಯ ಕೊಂಬೆಗಳ ಕಡೆ ತಿರುಗಿತು. ಅಲ್ಲಿ ಹೊಕ್ಕರೆ ಮುಗಿಯಿತು. ಅಕ್ಕ ಚಪ್ಪಲಿ ಬಿಟ್ಟು, ದಂಡೆಯುದ್ದಕ್ಕೂ ಇನ್ನೊಂದು ಬದಿಗೆ ಓಡಿದರು. ಕೋಲನ್ನು ನೀರಿಗೆ ಸಮವಾಗಿ ಬಾಗಿಸಿ ಪಕ್ಕಕ್ಕೆ ಎಳೆದರು. "ಏಯ್, ಅಲ್ಲಿ ಹೋಗಬ್ಯಾಡ! ಈ ಕಡಿ ಬಾ! ಬಾ ಅಂದ್ರ ಬಾ!" ತರಗತಿ ಬಿಟ್ಟು ಓಡಿಹೋಗುವವರನ್ನು ಕಿಟಕಿಯಿಂದ ಕರೆದಂತಿತ್ತು. ತೆಪ್ಪದವರು ತಮ್ಮ ಬಲೆ ಬಿಟ್ಟು ಎದ್ದು ನಿಂತರು. ಮೀನು ತಿರುಗಿತು. ದಾರ ಕೊಂಬೆಯೊಂದಕ್ಕೆ ಉಜ್ಜಿ ಕರ್ ಎಂದಿತು. ಆದರೆ ಉಜ್ಜಿದ್ದು ಲೀಡರಿನ ಭಾಗ, ತಡೆಯಿತು.

ಕೊನೆಗೆ ಅದು ದಣಿದು ಮೇಲೆ ಬಂದು ಹೊರಳಿತು. ಬಿಸಿಲಿಗೆ ಅದರ ಹೊಟ್ಟೆ ಕನ್ನಡಿಯಂತೆ ಹೊಳೆಯಿತು. ನಾನು ಮೊಳಕಾಲಿನವರೆಗೆ ನೀರಿಗಿಳಿದು, ಒದ್ದೆ ಟವೆಲಿನಲ್ಲಿ ಲೀಡರನ್ನು ಹಿಡಿದು, ಮೀನನ್ನು ಕೆಸರಿನ ಮೇಲೆ ಜಾರಿಸಿದೆ. ಎತ್ತಿ ನಿಲ್ಲಿಸಿದರೆ ನನ್ನ ಸೊಂಟ ಮುಟ್ಟುವಷ್ಟು ಉದ್ದವಿತ್ತು. ದವಾಖಾನೆಯಿಂದ ತಂದ, ದವಡೆ ಹಲ್ಲು ಕೀಳುವ ಇಕ್ಕಳದಿಂದ ಕೊಂಡಿಯನ್ನು ಬಿಡಿಸಿದೆ. ಕೊಂಡಿಯ ಮೇಲಿನ ಒಂದು ಗೇಣು ದಾರ ಸವೆದ ಬ್ರಶ್ಶಿನಂತೆ ಬೆಳ್ಳಗೆ ಒರಟಾಗಿತ್ತು. ಒಳಗಿನ ತಿರುಳು ಹಾಗೆಯೇ ಇತ್ತು. ಅದನ್ನು ಕತ್ತರಿಸಿ ಎಸೆದೆ. ಒಂದು ಮೀನಿನ ತಿಕ್ಕು ತಿಂದ ದಾರದ ಮೇಲೆ ಇನ್ನೊಂದು ಮೀನಿನ ಭಾರ ಹಾಕಬಾರದು.

ಅಕ್ಕ ಕೆಸರಿನಲ್ಲಿಯೇ ಕುಳಿತು ಏದುಸಿರು ಬಿಡುತ್ತಿದ್ದರು. ಸೀರೆಯ ಅಂಚು ಕಪ್ಪು ಮಣ್ಣಿನಲ್ಲಿ ಅದ್ದಿತ್ತು. "ಅಬಾಬಾ! ಸಾಲಿ ತಪಾಸಣಿಗಿ ಸಾಹೇಬ್ರು ಬಂದಾಗೂ ಎದಿ ಇಷ್ಟ ಹೊಡಕೊಂಡಿರಲಿಲ್ಲ," ಎಂದರು.

ತೆಪ್ಪದವರು ಹತ್ತಿರ ಬಂದು, "ಅಕ್ಕೋರ, ಇದನ್ನ ನೀವ ಒಯ್ಯರಿ. ಇಂಥಾದ್ದು ನಾ ಹೆಂಗ ಇಸಗೊಳ್ಳಲಿ?" ಎಂದರು.

"ನಾ ಒಯ್ದು ಏನ ಮಾಡ್ಲಿ, ಪೂಜಿ ಮಾಡ್ಲ್ಯಾ?" ಎಂದರು ಅಕ್ಕ. "ಮಾತಂದ್ರ ಮಾತು. ನಿಮ್ಮ ಮನಿಗಿ ಬೀಗರು ಬಂದಾರಂದ್ರಲ್ಲ, ಅವ್ರಿಗಿ ಮಾಡಿ ಹಾಕ್ರಿ."

"ಹಂಗಿದ್ರ ನೀವೂ ಊಟಕ್ಕ ಬರಬೇಕ ನೋಡ್ರಿ. ನಿಮಗ ಬ್ಯಾರೆ ಮಾಡಸ್ತೇನಿ."

ಹೋದೆವು. ತಗಡಿನ ಮನೆ, ಮುಂದೆ ಬೇವಿನ ನೆರಳು. ಅವರ ಹೆಂಡತಿ ನಮಗೆಂದು ಬೇರೆ ಒಲೆ ಹೂಡಿ, ಬೇರೆ ಪಾತ್ರೆಯಲ್ಲಿ ಎಣಗಾಯಿ ಮಾಡಿದ್ದರು. ಬಿಸಿ ರೊಟ್ಟಿ ತಟ್ಟಿ ತಟ್ಟಿ ಹಾಕಿದರು. ಒಂದು ಸಾಲಿನಲ್ಲಿ ಬೀಗರು ಮೀನಿನ ಸಾರು ಉಂಡರು, ಎದುರಿನ ಸಾಲಿನಲ್ಲಿ ನಾವು ಬದನೆಕಾಯಿ ಉಂಡೆವು. ಮೀನಿನ ವಾಸನೆಗೆ ಅಕ್ಕ ಮುಖ ಗಂಟು ಹಾಕುತ್ತಾರೇನೋ ಎಂದು ನೋಡಿದೆ. ಅವರು ಬೀಗರಿಗೆ ಜಾಲಿ ಕೊಂಬೆಯ ಕಥೆ ಹೇಳುವುದರಲ್ಲಿ ಮುಳುಗಿದ್ದರು. ಅವರ ತಟ್ಟೆಗೆ ನಾಲ್ಕನೆಯ ರೊಟ್ಟಿ ಬಿದ್ದದ್ದೂ ಗೊತ್ತಾಗಲಿಲ್ಲ.

ಮರಳಿ ಬರುವಾಗ ಗುಡ್ಡದ ತಿರುವಿನಲ್ಲಿ ಅಕ್ಕ ನನ್ನ ಭುಜ ತಟ್ಟಿ ಸ್ಕೂಟರ್ ನಿಲ್ಲಿಸಿದರು. ಅಲ್ಲಿ ಫೋನಿನ ಸಿಗ್ನಲ್ ಛಲೋ ಸಿಗುತ್ತದೆ. ನನ್ನ ಗಂಡನಿಗೆ ಫೋನ್ ಹಚ್ಚಿ, ಮೀನಿನ ಉದ್ದವನ್ನು ಹೇಳಿದರು. ಒಂದು ಗೇಣು ಹೆಚ್ಚಿಗೆ ಹೇಳಿದರು.

"ಖರೇನಽ?" ಎಂದು ಆ ಕಡೆಯಿಂದ ಅವರು ಕೇಳಿದ್ದು ನನಗೂ ಕೇಳಿಸಿತು. ಅಕ್ಕ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಖರೇನರಿ," ಎಂದೆ, "ಇನ್ನೂ ಸ್ವಲ್ಪ ಉದ್ದನ ಇತ್ತು."